ಮಿಸ್ಟರ್ ಕೊಟ್ಟ ಕಾಗದ

ಈ ವ್ಯವಹಾರದಲ್ಲಿ ಹೋದದ್ದು ಒಂದು ವರ್ಷ. ನನ್ನದಾಗಿದ್ದರೆ ಬರೆಯುತ್ತಿರಲಿಲ್ಲ, ನನ್ನ ವರ್ಷಗಳನ್ನು ನನಗೆ ಬೇಕಾದ ಹಾಗೆ ಕೊಟ್ಟು ತೆಗೆದುಕೊಂಡು ಬದುಕಿದವಳು ನಾನು. ಹೋದದ್ದು ಐವತ್ತಾರು ವರ್ಷದ ಇನ್ನೊಬ್ಬ ಮನುಷ್ಯನದು. ಅದೂ ಹೋದದ್ದು ನನ್ನ ದಡ್ಡತನಕ್ಕಲ್ಲ, ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆಗೆ. ಒಂದು ಕಾಗದವನ್ನು ಕೊಡಬೇಕಾದ ದಿನ ಕೊಡದೆ ಐದು ದಿನ ನನ್ನ ಚೀಲದಲ್ಲಿ ಇಟ್ಟುಕೊಂಡೆ. ನಾನು ಮಾಡಿದ್ದು ಅಷ್ಟೇ.

ಯಾಕೆ ಇಟ್ಟುಕೊಂಡೆ ಎಂಬುದು ತಿಳಿಯಬೇಕಾದರೆ ನಾನು ಎಲ್ಲಿ ಕಲಿತವಳು ಎಂದು ಹೇಳಬೇಕು. ಅಪ್ಪ ಗದಗ ಕಡೆಯಿಂದ ಬಂದು ಮಡಗಾಂವ್‌ನಲ್ಲಿ ಸೆಂಟ್ರಿಂಗ್ ಕೆಲಸ ಹಿಡಿದವನು. ಅಲ್ಲಿನ ಮೋತಿ ಡೊಂಗರ್ ಗುಡ್ಡದ ಮೇಲೆ ನಮ್ಮದೊಂದು ಖೋಲಿ. ಹನ್ನೊಂದನೆಯ ವಯಸ್ಸಿನಿಂದ ನಾನು ಅವ್ವನ ಜೊತೆ ಬೀಚಿಗೆ ಹೋಗುತ್ತಿದ್ದೆ, ಕಾಲ್ಗೆಜ್ಜೆ, ಮಣಿಸರ, ಕನ್ನಡಿ ಹಚ್ಚಿದ ಚಾದರ ಮಾರಲಿಕ್ಕೆ. ಉಸುಕಿನ ಮೇಲೆ ಕೂತ ವಿದೇಶಿಯರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಇವತ್ತೇ ನನ್ನ ಕೊನೆಯ ದಿನ, ನಾಳೆ ಊರಿಗೆ ಹೊರಟೆ, ನನಗೇನೂ ಬೇಡ. ಮರುದಿನ ನೋಡಿದರೆ ಅದೇ ಛತ್ರಿಯ ಕೆಳಗೆ ಅದೇ ಮನುಷ್ಯ. ಎದ್ದು ಹೋಗುವವನನ್ನು ಎಂಟನೆಯ ಹೆಜ್ಜೆಗೆ ಕೂಗಬಾರದು, ಹನ್ನೆರಡನೆಯದಕ್ಕೆ ಕೂಗಬೇಕು ಎಂದು ಅವ್ವ ಕಲಿಸಿದ್ದಳು. ಎಂಟಕ್ಕೆ ಕೂಗಿದರೆ ನಿನ್ನ ಅವಸರ ಅವನಿಗೆ ಗೊತ್ತಾಗುತ್ತದೆ, ಇಪ್ಪತ್ತಕ್ಕೆ ಕೂಗಿದರೆ ಅವನಿಗೆ ಕೇಳಿಸುವುದಿಲ್ಲ. ಹೊರಟೆ ಎಂದವನು ಹೊರಟಿರುವುದಿಲ್ಲ. ಇದರ ಮೇಲೇ ನಾನು ಅಂಗಡಿ ಕಟ್ಟಿದೆ, ಮಗಳನ್ನು ಓದಿಸಿದೆ.

ಇಟಲಿಯ ಭಾಷೆ ಬಂದದ್ದೂ ಅಲ್ಲಿಂದಲೇ. ಒಬ್ಬ ಮುದುಕಿ ಪ್ರತಿ ಚಳಿಗಾಲ ಬಂದು ಐದು ತಿಂಗಳು ಇರುತ್ತಿದ್ದಳು. ಏನೂ ಕೊಳ್ಳುತ್ತಿರಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಸೊಸೆಯ ಮೇಲಿನ ದೂರು ಹೇಳುತ್ತಿದ್ದಳು. ಬೇರೆ ನಾಲ್ಕು ಭಾಷೆಗಳಲ್ಲಿ ನನಗೆ ಮಾರಲಿಕ್ಕೆ ಮಾತ್ರ ಬರುತ್ತದೆ. ಆ ಭಾಷೆಯಲ್ಲಿ ಒಬ್ಬರ ಸಂಕಟ ಕೇಳಿಸಿಕೊಳ್ಳಲಿಕ್ಕೂ ಬರುತ್ತದೆ ಎಂದುಕೊಂಡಿದ್ದೆ.

ಬೀಚು ಬಿಟ್ಟು ಮಡಗಾಂವ್ ಮಾರ್ಕೆಟ್ಟಿನಲ್ಲಿ ಅಂಗಡಿ ಹಾಕಿದ ಮೇಲೆ ನನ್ನ ಕಸುಬು ಜೆರ್ಸಿ ಹೊಲಿಯುವುದು. ಗೋವಾದಲ್ಲಿ ಕೇರಿಗೊಂದು ಫುಟ್‌ಬಾಲ್ ತಂಡ. ಜೆರ್ಸಿಗೆ ಗಿರಾಕಿ ಹುಡುಕಬೇಕಿಲ್ಲ. ಹೀಗೇ ಕುಡಚಡೆಯ ಒಬ್ಬ ಲಾರಿ ಮಾಲೀಕರು ಪರಿಚಯವಾದರು. ಅದಿರು ಸಾಗಿಸುವ ಲಾರಿಗಳು ಅವರವು, ಜೊತೆಗೆ ಒಂದು ಫುಟ್‌ಬಾಲ್ ಕ್ಲಬ್ಬು. ಕೆಲಸದವರೆಲ್ಲ ಅವರನ್ನು ಪಾತ್ರಾಂವ್ ಎನ್ನುತ್ತಾರೆ, ಕೊಂಕಣಿಯಲ್ಲಿ ಯಜಮಾನ ಎಂದರ್ಥ. ಅವರ ಡ್ರೈವರುಗಳು ಅರ್ಧಕ್ಕರ್ಧ ನಮ್ಮ ಕಡೆಯವರು, ಹಾಗಾಗಿ ಡ್ರೈವರುಗಳ ಕನ್ನಡವೇ ಅವರಿಗೂ ಬರುತ್ತದೆ. ಒಂದು ದಿನ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ಅಕ್ಕಾ, ನಿನಗ ಇಟಲಿ ಭಾಷಾ ಬರ್ತೈತಂತಲ್ಲ?"

"ಮಾರೂವಷ್ಟು ಬರ್ತೈತ್ರಿ."

"ಮಾರೂದು ಬ್ಯಾಡ. ಒಬ್ಬ ಕೋಚ್‌ನ ತಂದೇನಿ. ಅಂವ ಒದರಾಕತ್ತಾನ, ಹುಡುಗೂರು ನಗಾಕತ್ತಾವು. ಮುಂಜಾನಿ ಮೂರು ತಾಸು ಬಂದು ನಿಂತು ಹೇಳಿಬಿಡು."

ಆ ಕೋಚ್‌ನನ್ನೇ ನಾವೆಲ್ಲ ಮಿಸ್ಟರ್ ಎಂದು ಕರೆದದ್ದು. ಅವರ ದೇಶದಲ್ಲಿ ಕೋಚ್‌ನನ್ನು ಹಾಗೇ ಕರೆಯುತ್ತಾರಂತೆ. ನೆಟ್ಟಗಿನ ಬೆನ್ನು, ಸ್ವಲ್ಪ ಎಳೆದು ಹಾಕುವ ಬಲಗಾಲು, ಬೆಳಿಗ್ಗೆ ಆರಕ್ಕೇ ಇಸ್ತ್ರಿ ಮಾಡಿದ ಅಂಗಿ. ಕುಡಚಡೆಯಲ್ಲಿ ಲಾರಿ ಅಂಗಳದ ಮೇಲಿನ ಎರಡು ಕೋಣೆ ಅವರಿಗೆ ಕೊಟ್ಟಿದ್ದರು. ಕಿಟಕಿ ತೆರೆದರೆ ಕೆಂಪು ಧೂಳು, ಮುಚ್ಚಿದರೆ ಸೆಕೆ. ಅವರು ಒದ್ದೆ ಟವೆಲ್ಲನ್ನು ಕಿಟಕಿಗೆ ಕಟ್ಟಿಕೊಂಡು ಅದರ ಹಿಂದೆ ಕೂತು ಪಂದ್ಯಗಳ ವಿಡಿಯೊ ನೋಡುತ್ತಿದ್ದರು.

ಮೈದಾನದಲ್ಲಿ ಸೀರೆ ಉಟ್ಟು ಛತ್ರಿ ಹಿಡಿದು ನಿಂತ ನನ್ನನ್ನು ನೋಡಿ ಹುಡುಗರಿಗೆ ಮೊದಮೊದಲು ಮೋಜು. ಗೋಲ್‌ಕೀಪರ್ ಮೋತಿ ಡೊಂಗರ್‌ನವನೇ, ಅವರಪ್ಪ ನಮ್ಮಪ್ಪನ ಜೊತೆ ಸೆಂಟ್ರಿಂಗ್ ಮಾಡಿದವನು. ಅವನ ಬಾಯಿಗೆ ತಡೆ ಇರಲಿಲ್ಲ.

"ಅಕ್ಕಾರ, ಮಿಸ್ಟರ್ ಕಾಲು ತಾಸು ಬೈದ್ರು, ನೀವು ಒಂದ ಮಾತಿನ್ಯಾಗ ಮುಗಿಸಿದ್ರಿ. ಉಳಿದದ್ದು ಎಲ್ಲಿ ಇಟ್ಕೊಂಡ್ರಿ?"

"ಉಳಿದದ್ದು ನಿಮ್ಮವ್ವಗ ಹೇಳಾಕ ಇಟ್ಕೊಂಡೇನಿ. ನೀ ಮೊದ್ಲ ಚೆಂಡು ಹಿಡಿ."

ಅವನು ಹೇಳಿದ್ದು ಖರೆ. ಮಿಸ್ಟರ್ ಹೇಳಿದ್ದನ್ನೆಲ್ಲ ನಾನು ಹೇಳುತ್ತಿರಲಿಲ್ಲ. ಯಾವುದು ಕೆಲಸಕ್ಕೆ ಬರುತ್ತದೋ ಅದನ್ನು ಆರಿಸಿ ಕೊಡುತ್ತಿದ್ದೆ. ತಂಡ ಗೆಲ್ಲತೊಡಗಿದ್ದರಿಂದ ಯಾರೂ ತಕರಾರು ಮಾಡಲಿಲ್ಲ. ನನಗೆ ಧೈರ್ಯ ಬಂದದ್ದು ಹಾಗೆ.

ವಾರಕ್ಕೆರಡು ಸಲ ಅವರು ಮಡಗಾಂವ್‌ಗೆ ಬರುತ್ತಿದ್ದರು, ನನ್ನ ಸ್ಕೂಟರಿನ ಹಿಂದೆ ಕೂತು. ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತ ತಮ್ಮ ಕಥೆ ಹೇಳುತ್ತಿದ್ದರು. ಬೆಟ್ಟದ ಬುಡದ ಒಂದು ಸಣ್ಣ ಊರು, ಚಪ್ಪಲಿ ಕಾರ್ಖಾನೆ, ಅದರ ಹಿಂದೆ ಮೈದಾನ. ಹದಿನಾಲ್ಕಕ್ಕೆ ಅಲ್ಲಿನ ಕ್ಲಬ್ಬಿನಲ್ಲಿ ಮಿಡ್‌ಫೀಲ್ಡರ್. ಎದುರಾಳಿಯಿಂದ ಚೆಂಡು ಕಸಿದು ತಮ್ಮವರಿಗೆ ಕೊಡುವುದು, ಮತ್ತೆ ಕಸಿಯಲು ಹೋಗುವುದು. ಗೋಲು ಹೊಡೆಯುವವನು ಬೇರೆ, ಪೇಪರಿನಲ್ಲಿ ಫೋಟೊ ಬರುವುದು ಅವನದು. ಹತ್ತೊಂಬತ್ತಕ್ಕೆ ದೊಡ್ಡ ಕ್ಲಬ್ಬು ಕೊಂಡಿತು. ಅದೂ ಸೇರಿ ಏಳು ಕ್ಲಬ್ಬು. ಮೂವತ್ತೊಂದಕ್ಕೆ ಮೊಣಕಾಲು ಹೋಯಿತು. ಆಮೇಲೆ ಕೋಚ್ ಆಗಿ ದೇಶದಿಂದ ದೇಶಕ್ಕೆ, ಸೂಟ್‌ಕೇಸ್ ಹಿಡಿದು.

"ಏಳು ಸಲ ನನ್ನನ್ನು ಮಾರಿದರು ಸಿನ್ಯೋರಾ," ಎಂದರು ಒಮ್ಮೆ; ಅಮ್ಮಾವ್ರೇ ಎನ್ನಲು ಅವರ ಭಾಷೆಯ ಮಾತು ಅದು. "ಒಂದು ಸಲವೂ ನಾನು ಬೆಲೆ ಮಾತಾಡುವ ಕೋಣೆಯಲ್ಲಿ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಬಾಗಿಲು ತೆರೆದ ಮೇಲೆ ಯಾವ ಊರು ಅಂತ ಹೇಳುತ್ತಿದ್ದರು."

ನಾನು ಕೇಳಿದ್ದು, ಹೆಚ್ಚು ಬೆಲೆ ಬಂದದ್ದು ಯಾವ ಸಲ ಎಂದು. ಅವರು ನಕ್ಕು ಚಹಾ ಮುಗಿಸಿದರು.

ಏಪ್ರಿಲ್ ಮುಗಿಯಲು ಮೂರು ದಿನವಿತ್ತು. ಕೊನೆಯ ಪಂದ್ಯಗಳಿಗೆ ತಂಡ ಕೋಲ್ಕತ್ತಕ್ಕೆ ಹೊರಟಿತ್ತು. ಅಲ್ಲಿ ನನ್ನ ಬದಲು ಹೋಟೆಲಿನವರು ಒಬ್ಬ ದುಭಾಷಿಯನ್ನು ಹುಡುಕಿದ್ದರು. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮಿಸ್ಟರ್ ಬಸ್ಸನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿ ಇಳಿದು ಬಂದರು. ಕೈಯಲ್ಲಿ ಅಂಟಿಸಿದ ಲಕೋಟೆ.

"ಬೆಳಿಗ್ಗೆ ಯಜಮಾನರು ಸಿಗಲಿಲ್ಲ. ಇದನ್ನು ಇವತ್ತೇ ಅವರ ಕೈಗೆ ಕೊಟ್ಟು ಸಹಿ ತೆಗೆದುಕೊಳ್ಳಿ. ನಾನು ಹೊರಡುತ್ತೇನೆ ಅಂತ ಬರೆದಿದ್ದೇನೆ. ಇವತ್ತೇ."

"ಯಾಕೆ, ಎಲ್ಲಿಗೆ?"

"ಮನೆಗೆ," ಎಂದರು. ಬಸ್ಸಿನವನು ಹಾರ್ನ್ ಹೊಡೆದ. ಅವರು ಓಡಿದರು.

ಇವತ್ತೇ. ಹೊರಡುತ್ತೇನೆ. ಈ ಎರಡು ಮಾತನ್ನು ಜೀವಮಾನವಿಡೀ ಉಸುಕಿನ ಮೇಲೆ ಕೇಳಿದ ನನಗೆ ಏನು ತಿಳಿಯಬೇಕೋ ಅದೇ ತಿಳಿಯಿತು. ಮನುಷ್ಯ ಆ ಧೂಳಿನ ಕೋಣೆಯಿಂದ ಬೇಸತ್ತಿದ್ದಾನೆ, ಸಂಬಳ ಕಡಿಮೆ, ಸ್ಕೂಟರಿನ ಹಿಂದೆ ಕೂತು ತಿರುಗುತ್ತಾನೆ. ಎದ್ದು ನಡೆಯತೊಡಗಿದ್ದಾನೆ, ಯಜಮಾನರು ಕೂಗಲಿ ಎಂದು. ಆದರೆ ಕಾಗದ ಕೊಟ್ಟುಬಿಟ್ಟರೆ ಕೂಗಲು ಜಾಗವಿರುವುದಿಲ್ಲ. ಕಾಗದ ಚೀಲದಲ್ಲಿ ಇರಬೇಕು, ಇದೆ ಎಂಬ ವಾಸನೆ ಮಾತ್ರ ಎದುರಿನವರಿಗೆ ಹತ್ತಬೇಕು. ಪಾಪ, ಇವರನ್ನು ಬೇರೆಯವರು ವ್ಯಾಪಾರ ಮಾಡಿದ್ದೇ ಹೊರತು ಇವರಿಗೆ ವ್ಯಾಪಾರ ಬರುವುದಿಲ್ಲ, ನಾನು ಮಾಡಿಕೊಡುತ್ತೇನೆ ಎಂದುಕೊಂಡೆ.

ಸಂಜೆ ಗಂಡನಿಗೆ ಹೇಳಿದೆ. ಅವರು ಬಂದರಿನಲ್ಲಿ ಕೂಲಿ ಮೇಸ್ತ್ರಿ, ಮಾತು ಕಡಿಮೆ.

"ಕೊಡು ಅಂದದ್ದು ಕೊಟ್ಟಿಯೇನು?"

"ನಿಮಗ ತಿಳಿಯಂಗಿಲ್ಲ ಬಿಡ್ರಿ. ಇದು ವ್ಯಾಪಾರ."

"ವ್ಯಾಪಾರ ಅಲ್ಲ, ಟಪಾಲು," ಎಂದು ರೊಟ್ಟಿ ಮುರಿದರು.

ಮರುದಿನ ಕುಡಚಡೆಗೆ ಹೋಗಿ ಯಜಮಾನರ ಮುಂದೆ ಕೂತು, ಮಿಸ್ಟರ್‌ಗೆ ಮನಸ್ಸು ಸರಿಯಿಲ್ಲ ಎಂದಷ್ಟೇ ಹೇಳಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು.

"ಏನು ಬೇಕಂತ ಅಂವಗ?"

"ಒಂದು ಕಾರು ಡ್ರೈವರು ಕೊಡ್ರಿ. ದೊಡ್ಡ ಮನಿಶ್ಯಾ ಸ್ಕೂಟರ್ ಮ್ಯಾಲ ತಿರಗಾಕತ್ತಾರ."

"ಕಾರು ಆತು. ಉಳಿದದ್ದು ನಾಳಿ ಬಾ, ಮಾತಾಡೂಣು."

ನಾಳೆ ಹೋದೆ. ಮನೆ ಕೇಳಿದೆ. ಮೊಲೆಂ ರಸ್ತೆಯಲ್ಲಿ ತಮ್ಮದೊಂದು ಬಂಗಲೆ ಖಾಲಿ ಇದೆ, ಸುತ್ತ ಕಾಡು, ಧೂಳಿಲ್ಲ ಎಂದರು. ವಿದೇಶಿಯರಿಗೆ ಹಸಿರು ಎಂದರೆ ಪ್ರಾಣ, ಅದು ನನಗೆ ಗೊತ್ತು. ಆಯಿತು ಎಂದೆ. ಸಂಬಳದ ಮಾತಿಗೆ ಮತ್ತೆ ನಾಳೆ. ನಡುವೆ ಕೋಲ್ಕತ್ತದಿಂದ ಮಿಸ್ಟರ್‌ನ ಧ್ವನಿ ಸಂದೇಶ: ಕೊಟ್ಟಿರಾ? ಎಲ್ಲ ಸರಿಯಾಗಿದೆ, ನೀವು ಆಟದ ಕಡೆ ಗಮನ ಕೊಡಿ ಎಂದು ಉತ್ತರ ಕಳಿಸಿದೆ. ಅದು ಸುಳ್ಳಲ್ಲ ಎಂದು ಅಂದು ನಂಬಿದ್ದೆ. ಐದನೆಯ ದಿನ ಯಜಮಾನರು ಕೇಳಿದ್ದಕ್ಕೆಲ್ಲ ಒಪ್ಪಿ, ಚಹಾ ತರಿಸಿ, "ನೀ ಭಾಳ ಗಟ್ಟಿ ಹೆಂಗ್ಸು" ಎಂದರು. ನಾನು ಸ್ಕೂಟರ್ ಹತ್ತಿ ಮಡಗಾಂವ್‌ತನಕ ಒಬ್ಬಳೇ ನಗುತ್ತ ಬಂದೆ. ತಿಂಗಳು ಬದಲಾಗಿ ಎರಡು ದಿನವಾಗಿತ್ತು.

ಅವತ್ತು ಸಂಜೆ ತಂಡ ಮರಳುವುದಿತ್ತು, ಹೊಸ ಕಾರನ್ನೇ ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದೆ. ಕಾರು, ಮನೆ, ಸಂಬಳ ಎಲ್ಲ ಹೇಳಿದೆ. ಮಿಸ್ಟರ್ ಸೂಟ್‌ಕೇಸ್ ಕೆಳಗಿಟ್ಟು ಕೇಳಿಸಿಕೊಂಡರು.

"ನನ್ನ ಕಾಗದ?"

ಚೀಲದಿಂದ ತೆಗೆದು ತೋರಿಸಿದೆ. ಒಡೆಯದೇ ಇದ್ದ ಲಕೋಟೆ. ಅವರು ಅದನ್ನು ಕೈಗೆ ತೆಗೆದುಕೊಂಡು ತಾರೀಕು ಕೇಳಿದರು. ಹೇಳಿದೆ. ಅಲ್ಲೇ ತಳ್ಳುಗಾಡಿಗಳ ಸಾಲಿನ ಪಕ್ಕ ಗೋಡೆಗೆ ಒರಗಿ ನಿಂತರು. ಬೈಯಲಿಲ್ಲ. ಮಗುವಿಗೆ ತಿಳಿಸಿದ ಹಾಗೆ ನಿಧಾನವಾಗಿ ತಿಳಿಸಿದರು. ಅವರ ಕರಾರಿನಲ್ಲಿ ಒಂದು ಸಾಲು: ಏಪ್ರಿಲ್ ಮುಗಿಯುವುದರೊಳಗೆ ಕಾಗದ ಬರೆದು ಕೈಗೆ ಮುಟ್ಟಿಸದಿದ್ದರೆ ಇನ್ನೂ ಒಂದು ವರ್ಷ ತಾನಾಗಿಯೇ ಮುಂದುವರಿಯುತ್ತದೆ. ಅವರ ಊರಿನ ಕ್ಲಬ್ಬು, ಚಪ್ಪಲಿ ಕಾರ್ಖಾನೆಯ ಹಿಂದಿನದು, ಅವರನ್ನು ಕೋಚ್ ಆಗಿ ಕರೆದಿತ್ತು. ಜೂನ್ ಮಧ್ಯದವರೆಗೆ ಕಾಯುತ್ತೇವೆ, ಅಲ್ಲಿಂದ ಬಿಡುಗಡೆ ಪತ್ರ ತನ್ನಿ ಎಂದಿತ್ತು.

"ಅಲ್ಲಿ ಸಂಬಳ ಎಷ್ಟು?" ಎಂದು ಕೇಳಿಬಿಟ್ಟೆ. ನಾಲಿಗೆಯ ಅಭ್ಯಾಸ.

"ಇಲ್ಲಿಯದರ ಅರ್ಧ," ಎಂದರು. "ಯಾರೂ ನನ್ನನ್ನು ಕೊಳ್ಳುತ್ತಿಲ್ಲ ಸಿನ್ಯೋರಾ. ನಾನೇ ಹೋಗುತ್ತಿದ್ದೆ."

ಮರುದಿನ ಬೆಳಿಗ್ಗೆ ಯಜಮಾನರ ಬಳಿ ಓಡಿದೆ. ಕಾಗದ ಮುಂದಿಟ್ಟೆ, ತಪ್ಪು ನನ್ನದು ಎಂದೆ. ಅವರು ಲಕೋಟೆಯನ್ನು ಮುಟ್ಟಲಿಲ್ಲ.

"ಅಕ್ಕಾ, ನೀ ದಿನಾ ಬಂದಿ. ಕಾರ್ ಅಂದಿ, ಮನಿ ಅಂದಿ, ಪಗಾರ ಅಂದಿ. ಅಂವಗ ಹೋಗೂದೈತಿ ಅಂತ ಒಂದ ದಿನಾನೂ ಅನಲಿಲ್ಲ."

"ತಾರೀಕು ನಿಮಗ ಗೊತ್ತಿತ್ತಲ್ರಿ?"

"ನನಗ ಗೊತ್ತಿತ್ತು. ನಿನಗ ಗೊತ್ತಿಲ್ಲಂತ ನನಗೆಂಗ ಗೊತ್ತಾಗಬೇಕು?"

ಆಗ ನನಗೆ ಆ ನಾಳೆ ಬಾ, ನಾಳೆ ಬಾ ತಿಳಿಯಿತು. ನಾನು ಚೌಕಾಸಿ ಮಾಡುತ್ತಿದ್ದೇನೆ ಎಂದುಕೊಂಡ ಅಷ್ಟೂ ದಿನ ಅವರು ಪಂಚಾಂಗ ನೋಡುತ್ತಿದ್ದರು.

ಮುಂದಿನ ಆರು ವಾರ ನಾನು ಎಷ್ಟು ಸಲ ಕುಡಚಡೆಗೆ ಹೋದೆನೋ. ಒಂದು ವರ್ಷ ಜೆರ್ಸಿಗೆ ಹೊಲಿಗೆ ಕೂಲಿ ಬಿಡುತ್ತೇನೆ ಎಂದೆ, ನಕ್ಕರು. ಬೇರೆ ಕೋಚ್‌ನನ್ನು ಹುಡುಕಲು ಕ್ಲಬ್ಬುಗಳಿಗೆ ಫೋನ್ ಮಾಡಿಸಿದೆ, ನೋಡೋಣ ಎಂದರು. ಅಳಲೂ ನೋಡಿದೆ, ಅದಕ್ಕೂ ನೋಡೋಣ. ನನ್ನ ಬಳಿ ಇದ್ದದ್ದು ಯಾವುದೂ ಅವರಿಗೆ ಬೇಕಿರಲಿಲ್ಲ, ಅವರಿಗೆ ಬೇಕಾದದ್ದು ಆಗಲೇ ಅವರ ಬಳಿ ಇತ್ತು. ಅಂಥವರ ಮುಂದೆ ಚೌಕಾಸಿ ಎಂಬುದೇ ಇಲ್ಲ. ನನ್ನ ಇಡೀ ಬದುಕಿನಲ್ಲಿ ಮೊದಲ ಸಲ ನನ್ನ ಚೀಲ ಖಾಲಿ ಎನಿಸಿತು.

ಗೋಲ್‌ಕೀಪರ್ ಒಂದು ಉಪಾಯ ಹೇಳಿದ. "ಅಕ್ಕಾರ, ಮಿಸ್ಟರ್‌ಗ ಹೇಳ್ರಿ, ಮುಂದಿನ ಸೀಸನ್ ಶುರುವಾದ ಕೂಡ್ಲೇ ನಾಕು ಮ್ಯಾಚ್ ಸೋಲೂಣು. ಪಾತ್ರಾಂವ್ ತಾವ ಒದ್ದು ಹೊರಗ ಹಾಕ್ತಾರ."

"ಅಷ್ಟರಾಗ ಅವರ ಊರಿನ ಕೆಲಸ ಹೋಗಿರ್ತೈತೋ."

"ಹಂಗಾರ ನಾನ ಚೆಂಡು ಬಿಡೂದು ಬ್ಯಾಡಂತೀರಿ."

"ಅದನ್ನ ನೀ ಉಪಾಯ ಇಲ್ಲದಾಗೂ ಚಲೋ ಮಾಡ್ತಿ."

ಅವನು ನಕ್ಕ. ನಾನೂ ನಕ್ಕೆ.

ಮಿಸ್ಟರ್ ಅಷ್ಟರಲ್ಲಿ ನಾನು ಗೆದ್ದುಕೊಟ್ಟ ಬಂಗಲೆಗೆ ಹೋಗಿದ್ದರು. ಹೋಗದೆ ವಿಧಿಯಿರಲಿಲ್ಲ, ಹಳೆಯ ಕೋಣೆಗಳಲ್ಲಿ ಆಗಲೇ ಟೈರುಗಳನ್ನು ತುಂಬಿದ್ದರು. ಜೂನ್ ಬಂದ ಕೂಡಲೇ ಮಳೆ ಹಿಡಿಯಿತು. ಆ ಬಂಗಲೆಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಧೂಳಿರಲಿಲ್ಲ, ನಿಜ. ಮನುಷ್ಯರೂ ಇರಲಿಲ್ಲ. ಮರಗಳು ಕಿಟಕಿಯ ತನಕ ಬಂದು ನಿಂತಿದ್ದವು, ಹಗಲಿನಲ್ಲೂ ದೀಪ ಹಾಕಬೇಕು, ಬಟ್ಟೆ ಒಣಗುವುದಿಲ್ಲ, ಗೋಡೆಯ ತುಂಬ ಬೂಷ್ಟು. ಮೊಬೈಲಿಗೆ ಸಿಗ್ನಲ್ ಇಲ್ಲ. ಊರಿಗೆ ಫೋನ್ ಮಾಡಬೇಕಾದರೆ ಅವರು ಛತ್ರಿ ಹಿಡಿದು ಹೆದ್ದಾರಿಯವರೆಗೆ ನಡೆಯಬೇಕಿತ್ತು. ಕಾರು ಇತ್ತು, ಆದರೆ ಡ್ರೈವರ್ ಯಜಮಾನರ ಮನುಷ್ಯ. ಎಲ್ಲಿಗೆ ಹೋದರು, ಯಾರನ್ನು ಕಂಡರು ಎಲ್ಲ ಅಲ್ಲಿಗೆ ಮುಟ್ಟುತ್ತಿತ್ತು. ನಾನು ಒಂದೊಂದಾಗಿ ಕೇಳಿ ತಂದದ್ದೆಲ್ಲ ಅವರ ಸುತ್ತ ಒಂದೊಂದು ಗೋಡೆಯಾಗಿ ನಿಂತಿತ್ತು.

ಅವರ ಊರಿನವರು ಹೇಳಿದ ಕೊನೆಯ ದಿನ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಬೆಳಿಗ್ಗೆ ಯಜಮಾನರನ್ನು ಕಂಡು ಬಂದಿದ್ದೆ. ಏನಂದರು ಎಂದು ಮಿಸ್ಟರ್ ಕೇಳಿದರು. ಈ ಸಲ ಆರಿಸದೆ, ಸವರದೆ ಇದ್ದದ್ದನ್ನೇ ಹೇಳಿದೆ: ಕೊಡುವುದಿಲ್ಲ ಅಂದರು. ಅವರು ಶೂ ಹಾಕಿಕೊಂಡರು. ಇಬ್ಬರೂ ಹೆದ್ದಾರಿಗೆ ನಡೆದೆವು. ಕರ್ನಾಟಕದ ಕಡೆ ಹೋಗುವ ಲಾರಿಗಳು ನೀರೆರಚುತ್ತ ಹೋಗುತ್ತಿದ್ದವು. ಮುಚ್ಚಿದ ಒಂದು ಗೂಡಂಗಡಿಯ ಕೆಳಗೆ ನಿಂತು ಫೋನ್ ಹಚ್ಚಿದರು. ನಾನು ಛತ್ರಿಯನ್ನು ಅವರ ಕಡೆಗೆ ವಾಲಿಸಿ ಹಿಡಿದೆ.

ಅವರು ಬಿಡುಗಡೆ ಸಿಗಲಿಲ್ಲ ಎಂದರು. ಆ ಕಡೆಯವರು ಏನೋ ಬಹಳ ಹೊತ್ತು ಹೇಳಿದರು. ಇವರು ಹೌದು, ಹೌದು ಎನ್ನುತ್ತಿದ್ದರು. ಆಮೇಲೆ ಒಂದು ಹೆಸರು ಕೇಳಿ, ಒಳ್ಳೆಯ ಹುಡುಗ, ನನ್ನ ಜೊತೆ ಆಡಿದವನು, ನನ್ನ ಶುಭಾಶಯ ತಿಳಿಸಿ ಎಂದರು. ಎಡಗಡೆಯ ಮೂಲೆಯಲ್ಲಿ ಮೈದಾನ ನೀರು ಹಿಡಿಯುತ್ತದೆ, ಅದನ್ನು ಅವನಿಗೆ ಹೇಳಿ ಎಂದೂ ಹೇಳಿದರು. ಫೋನ್ ಜೇಬಿಗೆ ಹೋಯಿತು.

"ನಾಳೆ ಅಭ್ಯಾಸ ಎಷ್ಟು ಗಂಟೆಗೆ?" ಎಂದು ನನ್ನನ್ನು ಕೇಳಿದರು.

"ಆರೂವರೆಗೆ."

"ಮಳೆ ಇದ್ದರೆ?"

"ಇದ್ದರೂ ಆರೂವರೆಗೆ."

ಆ ವರ್ಷವಿಡೀ ಹಾಗೇ ಹೋಯಿತು. ಮಿಸ್ಟರ್ ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಗೋಲ್‌ಕೀಪರ್ ಒಬ್ಬನನ್ನು ಬಿಟ್ಟರೆ ಹುಡುಗರಿಗೆ ಏನೂ ಗೊತ್ತಾಗಲಿಲ್ಲ. ನಾನು ಬಿಡುವ ಹಾಗಿರಲಿಲ್ಲ, ಬಿಟ್ಟರೆ ಅವರ ಮಾತು ತಿಳಿಯುವವರು ಆ ಊರಿನಲ್ಲಿ ಇನ್ನೊಬ್ಬರಿಲ್ಲ. ಪ್ರತಿ ಬೆಳಿಗ್ಗೆ ನಾನೇ ಕೇಳಿ ಪಡೆದ ಕಾರಿನಲ್ಲಿ, ಡ್ರೈವರ್‌ಗೆ ನಮ್ಮ ಭಾಷೆ ತಿಳಿಯದಿದ್ದರೂ, ಇಬ್ಬರೂ ಚೆಂಡಿನ ಮಾತು ಮಾತ್ರ ಆಡುತ್ತ ಹೋಗುತ್ತಿದ್ದೆವು. ಅವರು ಹೇಳಿದ್ದನ್ನೆಲ್ಲ ಈಗ ನಾನು ಪೂರ್ತಿ ಹೇಳುತ್ತಿದ್ದೆ, ಬೈಗುಳವೂ ಸೇರಿ.

ಒಂದೇ ಸಲ ಆ ವಿಷಯ ಬಂತು. ಡಿಸೆಂಬರಿನಲ್ಲಿ ಅಂಗಡಿಯಲ್ಲಿ ಚಹಾ ಕುಡಿಯುವಾಗ ಅವರಾಗಿಯೇ ಹೇಳಿದರು. "ನನಗೆ ಇಷ್ಟು ಒಳ್ಳೆಯ ಬೆಲೆಯನ್ನು ಜೀವನದಲ್ಲಿ ಯಾರೂ ತಂದುಕೊಟ್ಟಿರಲಿಲ್ಲ ಸಿನ್ಯೋರಾ." ಕೊಂಕು ಇರಲಿಲ್ಲ ಅದರಲ್ಲಿ. ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ. ಏಳು ಸಲ ಬೆಂಚಿನ ಮೇಲೆ ಕೂತ ಮನುಷ್ಯನನ್ನು ನಾನು ಕೋಲ್ಕತ್ತದಲ್ಲಿ ಕೂರಿಸಿ ಎಂಟನೆಯ ಸಲ ಮಾರಿದ್ದೆ.

ಮರುವರ್ಷ ಏಪ್ರಿಲ್ ಮೊದಲ ವಾರದಲ್ಲೇ ಅವರು ಕಾಗದವನ್ನು ತಮ್ಮ ಕೈಯಿಂದಲೇ ಕೊಟ್ಟರು. ಬೇರೆ ಯಾವುದೋ ದೇಶದ ಕ್ಲಬ್ಬಿಗೆ ಹೋದರು. ಊರಿಗೆ ಅಲ್ಲ; ಅಲ್ಲಿ ಆ ಒಳ್ಳೆಯ ಹುಡುಗ ಚೆನ್ನಾಗಿ ನೆಲೆಯೂರಿದ್ದಾನೆ, ತೆಗೆಯಲು ಕಾರಣವಿಲ್ಲ.

ಈಗ ನಿಮಗೆ ಹೇಳುವುದು. ಯಾರಾದರೂ ಒಂದು ಕಾಗದ ಕೊಟ್ಟು ಮುಟ್ಟಿಸಿ ಎಂದರೆ ಊಟಕ್ಕೆ ಕೂರುವ ಮೊದಲು ಮುಟ್ಟಿಸಿಬಿಡಿ. ಹೋಗುವಾಗ ಅದರ ಝೆರಾಕ್ಸ್ ಒಂದು ಕೈಯಲ್ಲಿರಲಿ. ಅದರ ಮೇಲೆ ಮೊಹರು, ಸಹಿ, ತಾರೀಕು ಮೂರೂ ಹಾಕಿಸಿಕೊಳ್ಳಿ, ಎರಡಕ್ಕೆ ಒಪ್ಪಬೇಡಿ. ಕರಾರು ನಿಮಗೆ ಓದಲು ಬಾರದ ಭಾಷೆಯಲ್ಲಿದ್ದರೆ ಬರುವವರ ಮುಂದೆ ಇಟ್ಟು ಒಂದೇ ಪ್ರಶ್ನೆ ಕೇಳಿ: ಸುಮ್ಮನಿದ್ದರೆ ಏನಾಗುತ್ತದೆ, ಎಷ್ಟನೆಯ ತಾರೀಕಿಗೆ? ಎದುರಿನವನು ನಾಳೆ ಬಾ ಎಂದರೆ, ನಾಳೆಯ ತಾರೀಕು ಯಾವುದು ಎಂದು ಅಲ್ಲೇ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿ. ಇನ್ನೊಬ್ಬರ ಪರವಾಗಿ ಬಾಯಿ ತೆರೆಯುವ ಮೊದಲು ಅವರನ್ನೇ ಕೂರಿಸಿ ಕೇಳಿ, ಏನೂ ಸಿಗದಿದ್ದರೆ ಏನು ಮಾಡುತ್ತೀರಿ ಎಂದು. ನಗುತ್ತ ಮನೆಗೆ ಹೋಗುತ್ತೇನೆ ಎಂದರೆ ಅವರಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೇಳಬೇಡಿ. ಸೂಟ್‌ಕೇಸ್ ಎತ್ತಿಕೊಡಿ.